ರೌಟರಿನ ಎರಡು ಕೋಷ್ಟಕಗಳು

ಇಂಟರ್ನೆಟ್ಟಿನಲ್ಲಿ ಸಾಗುವ ಪ್ರತಿಯೊಂದು ಪ್ಯಾಕೆಟ್ಟಿನ ವಿಳಾಸ ನೋಡಿ ಅದನ್ನು ಮುಂದಿನ ತಂತಿಗೆ ದಾಟಿಸುವ ಯಂತ್ರವೇ ರೌಟರ್. ಈ ಕೆಲಸಕ್ಕಾಗಿ ಅದು ಎರಡು ಕೋಷ್ಟಕಗಳನ್ನು ಇಟ್ಟುಕೊಂಡಿರುತ್ತದೆ. ಮೊದಲನೆಯದು ರೌಟಿಂಗ್ ಟೇಬಲ್, ಅಂದರೆ ಮಾರ್ಗ ಕೋಷ್ಟಕ. ಎಂಜಿನಿಯರುಗಳ ಬಾಯಲ್ಲಿ ಆರ್‌ಐಬಿ. ಯಾವ ಜಾಲಕ್ಕೆ ಎಷ್ಟು ದಾರಿಗಳಿವೆ, ಅವನ್ನು ತಿಳಿಸಿದವರು ಯಾರು, ಅವುಗಳಲ್ಲಿ ಯಾವುದು ಮೇಲು ಎಂಬ ತಿಳಿವಳಿಕೆಯೆಲ್ಲ ಇದರಲ್ಲಿದೆ. ಎರಡನೆಯದು ಫಾರ್ವರ್ಡಿಂಗ್ ಟೇಬಲ್, ಅಂದರೆ ರವಾನೆ ಕೋಷ್ಟಕ ಅಥವಾ ಎಫ್‌ಐಬಿ. ಇಂಥ ವಿಳಾಸದ ಪ್ಯಾಕೆಟ್ ಬಂದರೆ ಇಂಥ ಪೋರ್ಟಿನಿಂದ ಇಂಥ ನೆರೆಯ ಯಂತ್ರಕ್ಕೆ ಕಳಿಸು ಎಂಬ ಆಜ್ಞೆಯಷ್ಟೇ ಅದರಲ್ಲಿರುತ್ತದೆ. ಎರಡನೆಯದು ಮೊದಲನೆಯದರ ನಕಲು ಎಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಆ ವಿವರಣೆ ಮುಖ್ಯ ವಿಷಯವನ್ನೇ ಬಿಟ್ಟುಬಿಡುತ್ತದೆ. ದಾರಿ ಗೊತ್ತುಮಾಡುವ ಕೆಲಸ ಸೆಕೆಂಡುಗಳ ಲೆಕ್ಕದಲ್ಲಿ ನಡೆಯುತ್ತದೆ. ಪ್ಯಾಕೆಟ್ ದಾಟಿಸುವ ಕೆಲಸ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ ನಡೆಯುತ್ತದೆ. ಇಷ್ಟು ದೂರದ ಎರಡು ಕಾಲಮಾನಗಳನ್ನು ಒಂದೇ ಪಟ್ಟಿ ಹೊರಲಾರದು. ರವಾನೆ ಕೋಷ್ಟಕವೆಂದರೆ ಮಾರ್ಗ ಕೋಷ್ಟಕದ ತೀರ್ಪುಗಳನ್ನು ಯಂತ್ರದ ವೇಗಕ್ಕೆ ತಕ್ಕಂತೆ ಅರೆದು ಮಾಡಿದ ಬೇರೆಯದೇ ವಸ್ತು. ಎರಡರ ನಡುವೆ ಆಗಾಗ ಕಾಣುವ ಹೊಂದಾಣಿಕೆಯ ಕೊರತೆಯೇ ಆ ವೇಗಕ್ಕೆ ನಾವು ತೆರುವ ಬೆಲೆ.

ವಿಷಯ ದೊಡ್ಡ ನಗರಗಳ ದೊಡ್ಡ ಯಂತ್ರಗಳಿಗೆ ಮಾತ್ರ ಸೇರಿದ್ದಲ್ಲ. ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿಗೆ ಕೊಟ್ಟ ರಾಜ್ಯವ್ಯಾಪಿ ಜಾಲಗಳ ಯೋಜನೆಯನ್ನು ನೋಡಬಹುದು. ಕರ್ನಾಟಕದಲ್ಲಿ ಅದರ ರೂಪವೇ ಕೆಸ್ವಾನ್. ಮೇಲೆ ರಾಜ್ಯ ಕೇಂದ್ರ, ಅದರ ಕೆಳಗೆ ಜಿಲ್ಲಾ ಕೇಂದ್ರಗಳು, ಅವುಗಳ ಕೆಳಗೆ ತಾಲ್ಲೂಕು ಕೇಂದ್ರಗಳು ಎಂಬ ಮೂರು ಹಂತದ ರಚನೆ ಅದರದು. ಈ ಲೆಕ್ಕದಲ್ಲಿ ಶಿವಮೊಗ್ಗ ಜಿಲ್ಲಾ ಹಂತ, ಭದ್ರಾವತಿ ತಾಲ್ಲೂಕು ಹಂತ. ಇಂಥ ಮರದಾಕಾರದ ಜಾಲದಲ್ಲಿ ಭದ್ರಾವತಿಯ ರೌಟರಿಗೆ ಗೊತ್ತಿರಬೇಕಾದದ್ದು ಬಹಳ ಕಡಿಮೆ: ತನ್ನ ಕಚೇರಿಗಳ ವಿಳಾಸಗಳು ಯಾವುವು ಎಂಬುದೊಂದು, ಉಳಿದದ್ದೆಲ್ಲ ಶಿವಮೊಗ್ಗದ ಕಡೆಗೆ ಎಂಬುದೊಂದು. ಈ ಎರಡನೆಯದಕ್ಕೆ ಡಿಫಾಲ್ಟ್ ಮಾರ್ಗ ಎನ್ನುತ್ತಾರೆ. ಶಿವಮೊಗ್ಗದ ರೌಟರ್ ಭದ್ರಾವತಿ, ಸಾಗರ, ತೀರ್ಥಹಳ್ಳಿ, ಸೊರಬ, ಹೊಸನಗರ, ಶಿಕಾರಿಪುರಗಳನ್ನು ಬೇರೆ ಬೇರೆಯಾಗಿ ತಿಳಿದಿದ್ದು, ಉಳಿದದ್ದನ್ನು ಬೆಂಗಳೂರಿನತ್ತ ಕಳಿಸಿದರೆ ಸಾಕು. ಬೆಂಗಳೂರಿನಲ್ಲಿ ಹೊರ ಜಗತ್ತಿನೊಂದಿಗೆ ಕೂಡುವ ರೌಟರಿಗೆ ಮಾತ್ರ ಈ ಸುಖವಿಲ್ಲ. ಹಲವು ಕಂಪನಿಗಳ ಜಾಲಗಳನ್ನು ಕೂಡುವ ಇಂಥ ಯಂತ್ರಕ್ಕೆ ಇಡೀ ಇಂಟರ್ನೆಟ್ಟಿನ ಪಟ್ಟಿ ಬೇಕು. ಆ ಪಟ್ಟಿ ಇಂದು ಐಪಿ ನಾಲ್ಕನೇ ಆವೃತ್ತಿಯ ವಿಳಾಸಗಳಿಗೇ ಸುಮಾರು 10 ಲಕ್ಷ ಸಾಲುಗಳಷ್ಟಿದೆ.

ವಿಳಾಸದ ಹುಡುಕಾಟ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ಎಸ್‌ಟಿಡಿ ಸಂಖ್ಯೆಗಳನ್ನು ನೆನೆಯಬೇಕು. 080 ಎಂದೊಡನೆ ಬೆಂಗಳೂರು ಎಂದು ತೀರ್ಮಾನವಾಗುತ್ತದೆ. 0818ರವರೆಗೆ ಒತ್ತಿದರೆ ಇನ್ನೂ ಏನೂ ತೀರ್ಮಾನವಾಗಿರುವುದಿಲ್ಲ. 08182 ಆದರೆ ಶಿವಮೊಗ್ಗ, 08181 ಆದರೆ ತೀರ್ಥಹಳ್ಳಿ, 08183 ಆದರೆ ಸಾಗರ. ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರಿನಷ್ಟೂ ದೂರವಿಲ್ಲದ ಭದ್ರಾವತಿಯದು 08282. ಅದರ ಮೊದಲ ನಾಲ್ಕು ಅಂಕಿಗಳು ದೂರದ ಹಳಿಯಾಳ, ದಾಂಡೇಲಿಗಳ 08284ರೊಂದಿಗೆ ಕೂಡುತ್ತವೆಯೇ ಹೊರತು ಪಕ್ಕದ ಶಿವಮೊಗ್ಗದೊಂದಿಗೆ ಅಲ್ಲ. ಐಪಿ ವಿಳಾಸಗಳ ಸ್ಥಿತಿಯೂ ಇದೇ. ಎಷ್ಟು ಅಂಕಿ ನೋಡಿದರೆ ಊರು ಗೊತ್ತಾಗುತ್ತದೆ ಎಂಬುದು ಮೊದಲೇ ತಿಳಿದಿರುವುದಿಲ್ಲ, ನೆಲದ ಮೇಲಿನ ನೆರೆಹೊರೆ ಅಂಕಿಯಲ್ಲಿ ಕಾಣಬೇಕೆಂದೂ ಇಲ್ಲ. 1993ರಲ್ಲಿ ಬಂದ ವರ್ಗರಹಿತ ವಿಳಾಸ ಪದ್ಧತಿ ಈ ಉದ್ದವನ್ನು ಮುಕ್ತವಾಗಿ ಬಿಟ್ಟಿತು. ಒಂದೇ ವಿಳಾಸಕ್ಕೆ ಎರಡು ಮೂರು ಸಾಲುಗಳು ಹೊಂದಿದರೆ ಅತಿ ಉದ್ದವಾಗಿ ಹೊಂದುವ ಸಾಲಿಗೇ ಮನ್ನಣೆ ಎಂಬ ನಿಯಮ ಆಗ ಗಟ್ಟಿಯಾಯಿತು. ಉದಾಹರಣೆಗಳಿಗೆಂದೇ ಮೀಸಲಾದ ವಿಳಾಸಗಳನ್ನು ಬಳಸಿ ಹೇಳುವುದಾದರೆ, ಇಡೀ ಜಿಲ್ಲೆಗೆ 198.51.100.0/24, ಅದರೊಳಗೆ ಭದ್ರಾವತಿಗೆ 198.51.100.64/26 ಎಂದಿಟ್ಟುಕೊಳ್ಳೋಣ. 198.51.100.70ಕ್ಕೆ ಹೊರಟ ಪ್ಯಾಕೆಟ್ ಎರಡು ಸಾಲುಗಳಿಗೂ ಹೊಂದುತ್ತದೆ. 26 ಬಿಟ್‌ಗಳಷ್ಟು ಹೊಂದುವ ಸಾಲೇ ಗೆಲ್ಲುತ್ತದೆ, ಪ್ಯಾಕೆಟ್ ಭದ್ರಾವತಿಯ ತಂತಿ ಹಿಡಿಯುತ್ತದೆ.

ಈಗ ಎರಡು ಕೋಷ್ಟಕಗಳು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ನೋಡಬೇಕು. ಶಿವಮೊಗ್ಗ, ಭದ್ರಾವತಿ, ತರೀಕೆರೆ, ಬೀರೂರು, ದಾವಣಗೆರೆಗಳಲ್ಲಿ ಒಂದೊಂದು ರೌಟರ್ ಇದ್ದು, ಫೈಬರ್ ಅವನ್ನು ಉಂಗುರದಂತೆ ಸುತ್ತಿ ಮತ್ತೆ ಶಿವಮೊಗ್ಗಕ್ಕೆ ಬರುತ್ತದೆ ಎಂದು ಭಾವಿಸೋಣ. ಇದು ಯಾವ ಕಂಪನಿಯ ನಕ್ಷೆಯೂ ಅಲ್ಲ, ವಾದಕ್ಕಾಗಿ ಬರೆದುಕೊಂಡ ಚಿತ್ರ. ಶಿವಮೊಗ್ಗದ ರೌಟರಿಗೆ ಭದ್ರಾವತಿಯ ಸುದ್ದಿ ಹಲವು ಬಾಯಿಗಳಿಂದ ಬರುತ್ತದೆ. ಒಂದೇ ಸಂಸ್ಥೆಯ ರೌಟರುಗಳು ತಮ್ಮೊಳಗೆ ಒಎಸ್‌ಪಿಎಫ್ ಎಂಬ ಪ್ರೋಟೋಕಾಲ್ ನಡೆಸುತ್ತಿದ್ದರೆ, ಪ್ರತಿಯೊಂದೂ ಇಡೀ ಉಂಗುರದ ನಕ್ಷೆಯನ್ನು ಇಟ್ಟುಕೊಂಡು, ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಕ್ರಮದಂತೆ ಹತ್ತಿರದ ದಾರಿಯನ್ನು ಲೆಕ್ಕ ಹಾಕುತ್ತದೆ. ಸಂಸ್ಥೆ ಸಂಸ್ಥೆಗಳ ನಡುವೆ ಸುದ್ದಿ ಸಾಗುವುದು ಬಿಜಿಪಿಯಿಂದ. ಬಿಎಸ್‌ಎನ್‌ಎಲ್‌ಗೆ 9829 ಇರುವಂತೆ ಅಲ್ಲಿ ಪ್ರತಿ ಸಂಸ್ಥೆಗೂ ಒಂದು ಸಂಖ್ಯೆಯಿದೆ, ಯಾವ ಯಾವ ಸಂಖ್ಯೆಗಳನ್ನು ದಾಟಿ ಸುದ್ದಿ ಬಂತು ಎಂಬುದೂ ಸುದ್ದಿಯ ಜೊತೆಗೇ ಬರುತ್ತದೆ. ಇವೆರಡರ ಜೊತೆಗೆ ಆಪರೇಟರ್ ಕೈಯಾರೆ ಬರೆದ ಮಾರ್ಗಗಳೂ ಇರುತ್ತವೆ. ಇಷ್ಟು ಬಾಯಿಗಳು ಬೇರೆ ಬೇರೆ ಹೇಳಿದಾಗ ಯಾರ ಮಾತು ಮೇಲು ಎಂಬುದಕ್ಕೆ ತಯಾರಕರು ಅಂಕಗಳನ್ನಿಟ್ಟಿದ್ದಾರೆ. ಸಿಸ್ಕೊ ರೌಟರುಗಳಲ್ಲಿ ಕೈಯಾರೆ ಬರೆದದ್ದಕ್ಕೆ 1, ಒಎಸ್‌ಪಿಎಫ್‌ಗೆ 110. ಕಡಿಮೆ ಅಂಕ ಇದ್ದದ್ದು ಗೆಲ್ಲುತ್ತದೆ. ಸೋತ ದಾರಿಗಳನ್ನು ರೌಟರ್ ಎಸೆಯುವುದಿಲ್ಲ. ಗೆದ್ದದ್ದು ನಾಳೆ ಬಿದ್ದರೆ ಬೇಕಾಗುತ್ತವೆಂದು ಆಯಾ ಪ್ರೋಟೋಕಾಲ್ ಅವನ್ನು ತನ್ನ ಬಳಿ ಉಳಿಸಿಕೊಂಡಿರುತ್ತದೆ. 2006ರಲ್ಲಿ ಪ್ರಕಟವಾದ ಬಿಜಿಪಿ ಮಾನಕವಂತೂ ಈ ಸಂಗ್ರಹವನ್ನೇ ಮೂರಾಗಿ ಒಡೆಯುತ್ತದೆ: ನೆರೆಯವರಿಂದ ಬಂದದ್ದು, ತಾನು ಆರಿಸಿಕೊಂಡದ್ದು, ನೆರೆಯವರಿಗೆ ಹೇಳಬೇಕಾದದ್ದು. ಮಾರ್ಗ ಕೋಷ್ಟಕ ಎಂಬ ಹೆಸರಿನ ಹಿಂದೆ ಇಷ್ಟೆಲ್ಲ ಕೇಳಿಕೆ, ಹೋಲಿಕೆ, ನೆನಪುಗಳಿವೆ.

ರವಾನೆ ಕೋಷ್ಟಕಕ್ಕೆ ಇದರಲ್ಲಿ ಯಾವುದೂ ಬೇಡ. ಮಾರ್ಗ ಕೋಷ್ಟಕದಲ್ಲಿ ಒಂದು ಬಿಜಿಪಿ ಸಾಲು ಈ ಜಾಲಕ್ಕೆ ಹೋಗಲು ಬೆಂಗಳೂರಿನ ಇಂಥ ರೌಟರನ್ನು ತಲುಪಬೇಕು ಎಂದಷ್ಟೇ ಹೇಳುತ್ತದೆ. ಆ ರೌಟರ್ ಶಿವಮೊಗ್ಗದ ಯಂತ್ರಕ್ಕೆ ನೇರವಾಗಿ ಅಂಟಿಕೊಂಡಿಲ್ಲ. ಅದನ್ನು ತಲುಪುವುದು ಹೇಗೆ ಎಂದು ಮತ್ತೆ ಒಎಸ್‌ಪಿಎಫ್ ಸಾಲನ್ನು ಕೇಳಬೇಕು. ಅದು ದಾವಣಗೆರೆಯ ನೆರೆಯವನತ್ತ ಎನ್ನುತ್ತದೆ. ಆ ನೆರೆಯವನು ಯಾವ ಪೋರ್ಟಿನಲ್ಲಿದ್ದಾನೆ, ಅವನ ಈಥರ್ನೆಟ್ ವಿಳಾಸವೇನು ಎಂದು ಮೂರನೆಯ ಸಲ ಕೇಳಬೇಕು. ಪ್ರತಿ ಪ್ಯಾಕೆಟ್ಟಿಗೂ ಇಷ್ಟು ಸಲ ಕೇಳುತ್ತ ಕೂರಲಾಗದು. ಆದ್ದರಿಂದ ರೌಟರ್ ಈ ಸರಪಳಿಯನ್ನೆಲ್ಲ ಮೊದಲೇ ಬಿಡಿಸಿ, ವಿಳಾಸದಿಂದ ನೇರವಾಗಿ ಪೋರ್ಟಿಗೆ ಕೊಂಡಿ ಹಾಕಿ, ರವಾನೆ ಕೋಷ್ಟಕದಲ್ಲಿ ಬರೆಯುತ್ತದೆ. ಮಾರ್ಗ ಕೋಷ್ಟಕದಲ್ಲಿದ್ದ ಕಾರಣಗಳು ಇಲ್ಲಿ ಅಳಿಸಿಹೋಗುತ್ತವೆ, ಅಲ್ಲಿಲ್ಲದ ಈಥರ್ನೆಟ್ ವಿಳಾಸ ಇಲ್ಲಿ ಸೇರುತ್ತದೆ. ನಕಲು ಎನ್ನುವವರಿಗೆ ಈ ಒಂದು ಸಂಗತಿಯೇ ಉತ್ತರ.

ಎಷ್ಟು ಅವಸರ ಎಂಬುದನ್ನು ಅಂಕಿಗಳಲ್ಲೇ ನೋಡಬಹುದು. ಈಥರ್ನೆಟ್ಟಿನ ಅತಿ ಚಿಕ್ಕ ಚೌಕಟ್ಟು 64 ಬೈಟ್. ಮುನ್ಸೂಚನೆಯ ಬಿಟ್‌ಗಳೂ ನಡುವಿನ ತೆರಪೂ ಸೇರಿ ತಂತಿಯ ಮೇಲೆ 84 ಬೈಟ್, ಅಂದರೆ 672 ಬಿಟ್. ಸೆಕೆಂಡಿಗೆ 10 ಗಿಗಾಬಿಟ್ ಸಾಗುವ ಕೊಂಡಿಯಲ್ಲಿ ಇಂಥ ಪ್ಯಾಕೆಟ್ 67 ನ್ಯಾನೊಸೆಕೆಂಡಿಗೊಂದು ಬರಬಹುದು. 100 ಗಿಗಾಬಿಟ್ ಕೊಂಡಿಯಲ್ಲಿ 6.7 ನ್ಯಾನೊಸೆಕೆಂಡಿಗೊಂದು, ಸೆಕೆಂಡಿಗೆ ಹತ್ತಿರ ಹತ್ತಿರ 15 ಕೋಟಿ. ಸಾಮಾನ್ಯ ಡಿರ್ಯಾಮ್ ಮೆಮೊರಿಯ ಯಾವುದೋ ಒಂದು ಮೂಲೆಯಿಂದ ಒಂದು ಅಂಶ ತರಲಿಕ್ಕೇ ಹತ್ತಾರು ನ್ಯಾನೊಸೆಕೆಂಡ್ ಬೇಕು. ಇತ್ತ ದಾರಿ ಗೊತ್ತುಮಾಡುವ ಲೋಕದಲ್ಲಿ ಒಎಸ್‌ಪಿಎಫ್ ರೌಟರುಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಕುಶಲ ವಿಚಾರಿಸುತ್ತವೆ, 40 ಸೆಕೆಂಡ್ ಉತ್ತರವಿಲ್ಲದಿದ್ದರೆ ನೆರೆಯವನು ಇಲ್ಲವೆಂದು ತಿಳಿಯುತ್ತವೆ. ಬಿಜಿಪಿ ಮಾನಕ ಸೂಚಿಸುವ ಕಾಯುವ ಅವಧಿ 90 ಸೆಕೆಂಡ್. ಭದ್ರಾವತಿಯಿಂದ ಬೆಂಗಳೂರಿಗೆ ಫೈಬರ್ 300 ಕಿಲೋಮೀಟರ್ ಇದೆಯೆಂದರೂ ಬೆಳಕು ಅದನ್ನು ಒಂದೂವರೆ ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ತಂತಿ ಇಷ್ಟು ಚುರುಕಾಗಿರುವಾಗ ನಡುವಿನ ರೌಟರ್ ಯೋಚಿಸುತ್ತ ನಿಂತರೆ ಪ್ಯಾಕೆಟ್ ಬಿದ್ದುಹೋಗುತ್ತದೆ.

ಹುಡುಕಾಟವನ್ನು ಈ ವೇಗಕ್ಕೆ ತರಲು 1997, 1998ರಲ್ಲಿ ನಡೆದ ಸಂಶೋಧನೆ ನನ್ನ ಎಣಿಕೆಯಲ್ಲಿ ಈ ಕ್ಷೇತ್ರದ ಅತಿ ಸುಂದರ ಅಧ್ಯಾಯ. ಸ್ವೀಡನ್ನಿನ ಲುಲಿಯೊದ ತಂಡ 1997ರಲ್ಲಿ 40,000 ಸಾಲುಗಳ ಪಟ್ಟಿಯನ್ನು 150-160 ಕಿಲೋಬೈಟ್‌ಗೆ ಇಳಿಸಬಹುದೆಂದು ತೋರಿಸಿತು. ಅಷ್ಟಾದರೆ ಅದು ಪ್ರೊಸೆಸರಿನ ಪಕ್ಕದ ವೇಗದ ಮೆಮೊರಿಯಲ್ಲೇ ಹಿಡಿಯುತ್ತದೆ. ಪಂಕಜ್ ಗುಪ್ತ, ಸ್ಟೀವನ್ ಲಿನ್, ನಿಕ್ ಮೆಕ್‌ಕಿಯೋನ್ 1998ರಲ್ಲಿ ಇದಕ್ಕೆ ತೀರ ಎದುರಾದ ದಾರಿ ಹಿಡಿದರು: ಮೆಮೊರಿ ಅಗ್ಗವಾಗುತ್ತಿದೆ, ಧಾರಾಳವಾಗಿ ಖರ್ಚುಮಾಡಿ, ವಿಳಾಸದ ಮೊದಲ 24 ಬಿಟ್‌ಗಳಿಗೆ ಒಂದೊಂದು ಖಾನೆ ತೆಗೆದಿಡಿ ಎಂದರು. ಖಾನೆಗಳು 1.67 ಕೋಟಿ, ತಗಲುವ ಮೆಮೊರಿ ಸುಮಾರು 33 ಮೆಗಾಬೈಟ್. ಆದರೆ ಯಾವ ವಿಳಾಸವಾದರೂ ಹೆಚ್ಚೆಂದರೆ ಎರಡು ಸಲ ಮೆಮೊರಿ ಮುಟ್ಟಿದರೆ ಸಿಕ್ಕಿಬಿಡುತ್ತದೆ. ಎಲ್ಲ ಸಾಲುಗಳನ್ನೂ ಏಕಕಾಲದಲ್ಲಿ ಹೋಲಿಸುವ ಟಿಕ್ಯಾಮ್ ಎಂಬ ಚಿಪ್ ಮೂರನೆಯ ದಾರಿ. ವೇಗ ಅಪಾರ, ಬೆಲೆಯೂ ವಿದ್ಯುತ್ ಖರ್ಚೂ ಹಾಗೆಯೇ. ಈ ಮೂರೂ ವಿನ್ಯಾಸಗಳು ಹುಡುಕಲು ಮಾತ್ರ ಒಗ್ಗಿದವು. ಯಾರು ಹೇಳಿದರು, ಎರಡನೆಯ ಆಯ್ಕೆ ಯಾವುದು ಎಂಬುದನ್ನು ಅವುಗಳೊಳಗೆ ತುರುಕಹೊರಟರೆ ಗಳಿಸಿದ ವೇಗವೆಲ್ಲ ಹೋಗುತ್ತದೆ.

ಮೊದಲಿನಿಂದಲೂ ಹೀಗಿತ್ತೆಂದಲ್ಲ. ಆರಂಭದ ರೌಟರುಗಳು ಸಾಮಾನ್ಯ ಕಂಪ್ಯೂಟರುಗಳೇ. ಒಂದು ಪ್ರೊಸೆಸರ್ ದಾರಿಯನ್ನೂ ಲೆಕ್ಕ ಹಾಕುತ್ತಿತ್ತು, ಪ್ಯಾಕೆಟ್ಟನ್ನೂ ದಾಟಿಸುತ್ತಿತ್ತು. ದಟ್ಟಣೆ ಬೆಳೆದಂತೆ ನಡುದಾರಿಯೊಂದು ಬಂತು: ಒಂದು ವಿಳಾಸದ ಮೊದಲ ಪ್ಯಾಕೆಟ್ಟಿಗೆ ಮಾತ್ರ ಪೂರ್ತಿ ಹುಡುಕಾಟ, ಸಿಕ್ಕ ಉತ್ತರವನ್ನು ಚಿಕ್ಕ ಕ್ಯಾಶ್‌ನಲ್ಲಿಟ್ಟು ಮುಂದಿನವಕ್ಕೆ ಅದನ್ನೇ ಬಳಸುವುದು. ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಜನ ಹೆಚ್ಚಾಗಿ ಹೋಗುವುದು ಕೆಲವೇ ತಾಣಗಳಿಗೆ ಅಂದಮೇಲೆ ಲಕ್ಷಗಟ್ಟಲೆ ಸಾಲುಗಳನ್ನು ಎರಡೆರಡು ಕಡೆ ತುಂಬುವುದೇಕೆ, ಕ್ಯಾಶ್ ಸಾಲದೇ? ಸಾಮಾನ್ಯ ದಿನಗಳಲ್ಲಿ ಸಾಕಾಗುತ್ತದೆ. ಆದರೆ 2001ರ ಜುಲೈ 19ರಂದು ಕೋಡ್ ರೆಡ್ ಎಂಬ ಹುಳು 14 ಗಂಟೆಗಳೊಳಗೆ 3,59,000ಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಹಿಡಿಯಿತು. ಹಿಡಿದ ಪ್ರತಿಯೊಂದೂ ಕಂಡಕಂಡ ವಿಳಾಸಗಳ ಬಾಗಿಲು ತಟ್ಟತೊಡಗಿತು. ಕ್ಯಾಶ್‌ನಲ್ಲಿಲ್ಲದ ವಿಳಾಸಗಳೇ ಹೊಳೆಯಾಗಿ ಬಂದಾಗ, ಕ್ಯಾಶ್ ನಂಬಿದ ರೌಟರುಗಳ ಪ್ರೊಸೆಸರೂ ಮೆಮೊರಿಯೂ ಅದರಲ್ಲೇ ಮುಳುಗಿದವು. ಪೂರ್ತಿ ರವಾನೆ ಕೋಷ್ಟಕವನ್ನು ಮೊದಲೇ ತುಂಬಿಟ್ಟ ಯಂತ್ರಗಳಿಗೆ ಹೊಸ ವಿಳಾಸವೂ ಹಳೆಯದೂ ಒಂದೇ ಖರ್ಚು. ಲಿನಕ್ಸ್ ಕರ್ನೆಲ್ ಕೂಡ ಇದೇ ದೌರ್ಬಲ್ಯಕ್ಕಾಗಿ 2012ರ 3.6 ಆವೃತ್ತಿಯಲ್ಲಿ ತನ್ನ ಐಪಿ ನಾಲ್ಕರ ಮಾರ್ಗ ಕ್ಯಾಶ್ ಅನ್ನು ಕಿತ್ತುಹಾಕಿತು. ಸರಾಸರಿ ದಿನಕ್ಕೆಂದು ಕಟ್ಟಿದ ವ್ಯವಸ್ಥೆ ಕೆಟ್ಟ ದಿನ ಕೈಕೊಡುತ್ತದೆ ಎಂಬುದಕ್ಕೆ ಇವೆರಡು ಸಾಕ್ಷಿ. ಅಷ್ಟರಲ್ಲಿ ಯಂತ್ರಗಳ ಮೈಕಟ್ಟೂ ಬದಲಾಗಿತ್ತು. 1998ರ ಜುನಿಪರ್ ಎಂ40 ರೌಟರಿನಲ್ಲಿ ದಾರಿ ಲೆಕ್ಕ ಹಾಕುವ ಎಂಜಿನ್ ಒಂದು, ಪ್ಯಾಕೆಟ್ ದಾಟಿಸುವ ಎಂಜಿನ್ ಇನ್ನೊಂದು. ಎರಡು ಕೋಷ್ಟಕಗಳು ಎರಡು ಬೇರೆ ಹಾರ್ಡ್‌ವೇರ್‌ಗಳಲ್ಲಿ ನೆಲೆನಿಂತಿದ್ದವು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಒಂದೇ ಸಂಗತಿಯನ್ನು ಎರಡು ಕಡೆ ಬರೆದರೆ ಎರಡೂ ಬೇರೆ ಬೇರೆ ಹೇಳುವ ಕಾಲ ಬಂದೇ ಬರುತ್ತದೆ. ನಮ್ಮ ಉಂಗುರಕ್ಕೇ ಮರಳೋಣ. ಹೆದ್ದಾರಿ ಅಗಲಿಸುವ ಕೆಲಸದಲ್ಲಿ ಜೆಸಿಬಿ ಶಿವಮೊಗ್ಗ-ಭದ್ರಾವತಿ ನಡುವಿನ ಫೈಬರ್ ಕತ್ತರಿಸಿತು ಎನ್ನಿ. ಶಿವಮೊಗ್ಗದ ರೌಟರ್ ಬೇಗ ತಿಳಿದು, ಭದ್ರಾವತಿಗೆ ಇನ್ನು ದಾವಣಗೆರೆ, ಬೀರೂರು, ತರೀಕೆರೆಯ ಸುತ್ತುದಾರಿ ಎಂದು ತನ್ನ ಎರಡೂ ಕೋಷ್ಟಕಗಳನ್ನು ತಿದ್ದಿಕೊಳ್ಳುತ್ತದೆ. ದಾವಣಗೆರೆಗೂ ಸುದ್ದಿ ಮುಟ್ಟಿದೆ, ಅದರ ಮಾರ್ಗ ಕೋಷ್ಟಕ ಸರಿಯಾಗಿದೆ. ಆದರೆ ರವಾನೆ ಕೋಷ್ಟಕಕ್ಕೆ ಅದು ಇನ್ನೂ ಇಳಿದಿಲ್ಲ, ಅಲ್ಲಿ ಭದ್ರಾವತಿಗೆ ಶಿವಮೊಗ್ಗದ ಮೇಲೆ ಎಂಬ ಹಳೆಯ ಆಜ್ಞೆಯೇ ಇದೆ. ಶಿವಮೊಗ್ಗ ಕಳಿಸಿದ್ದನ್ನು ದಾವಣಗೆರೆ ಹಿಂದಿರುಗಿಸುತ್ತದೆ, ಶಿವಮೊಗ್ಗ ಮತ್ತೆ ಕಳಿಸುತ್ತದೆ. ಪ್ಯಾಕೆಟ್ಟಿನ ಆಯುಷ್ಯದ ಎಣಿಕೆ ಸೊನ್ನೆಗೆ ಇಳಿದು ಅದು ಸಾಯುವವರೆಗೂ ಇದೇ ಅಲೆದಾಟ. ಕಿರುಸುತ್ತು ಎಂದು ಕರೆಯಬಹುದಾದ ಈ ದೋಷ ಊಹೆಯದಲ್ಲ, ಜಾಲಗಳಲ್ಲಿ ನಡೆಯುವಂಥದೇ. ಆದರೆ ರೌಟರಿನೊಳಗೆ ಒಂದೇ ಕೋಷ್ಟಕ ಇದ್ದಿದ್ದರೆ ಇದು ತಪ್ಪುತ್ತಿತ್ತೇ? ಪೂರ್ತಿ ತಪ್ಪುತ್ತಿರಲಿಲ್ಲ. ಶಿವಮೊಗ್ಗ, ದಾವಣಗೆರೆಗಳಿಗೆ ಸುದ್ದಿ ಬೇರೆ ಬೇರೆ ಹೊತ್ತಿಗೆ ಮುಟ್ಟುವುದೇ ಸುತ್ತಿಗೆ ಮೂಲ. ಎರಡು ಕೋಷ್ಟಕಗಳ ನಡುವಿನ ವಿಳಂಬ ಆ ಅಂತರವನ್ನು ಹಿಗ್ಗಿಸುತ್ತದೆ, ಅಷ್ಟೆ. ಹಿಗ್ಗಿದ್ದನ್ನು ತಗ್ಗಿಸಲು ರವಾನೆ ಕೋಷ್ಟಕವನ್ನೇ ಹಂತ ಹಂತವಾಗಿ ಕಟ್ಟುವ ವಿಧಾನವಿದೆ. ಬೆಂಗಳೂರಿನ ಒಂದು ರೌಟರಿನ ಮೇಲೆ ನಿಂತ ಲಕ್ಷಾಂತರ ಸಾಲುಗಳು ಒಂದೇ ಕೊಂಡಿಯನ್ನು ಹಂಚಿಕೊಂಡಿದ್ದರೆ, ತಂತಿ ಕಡಿದಾಗ ಆ ಒಂದು ಕೊಂಡಿಯನ್ನು ಬದಲಿಸಿದರೆ ಸಾಕು, ಲಕ್ಷ ಸಾಲುಗಳನ್ನು ಮತ್ತೆ ಬರೆಯಬೇಕಿಲ್ಲ.

ಇದೇ ಬೇರ್ಪಾಡು ಬೇರೊಂದು ಹೊತ್ತಿನಲ್ಲಿ ಕಾಪಾಡುತ್ತದೆ ಎಂಬುದನ್ನು ಆಕ್ಷೇಪಿಸುವವರು ಎಣಿಕೆಗೆ ತೆಗೆದುಕೊಳ್ಳಬೇಕು. ದಾರಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಕುಸಿದು ಮತ್ತೆ ಏಳುವಾಗ, ಅಥವಾ ಅದನ್ನು ಹೊಸ ಆವೃತ್ತಿಗೆ ಏರಿಸುವಾಗ, ಮಾರ್ಗ ಕೋಷ್ಟಕ ಕೆಲ ಕಾಲ ಬರಿದಾಗುತ್ತದೆ. ಒಂದೇ ಕೋಷ್ಟಕವಿದ್ದರೆ ಅಷ್ಟು ಹೊತ್ತು ಊರಿಗೆ ಊರೇ ಜಾಲದಿಂದ ಹೊರಗೆ. ಬೇರೆಯಾಗಿರುವುದರಿಂದ ರವಾನೆ ಕೋಷ್ಟಕ ಕೊನೆಯ ತೀರ್ಪುಗಳನ್ನು ಹಿಡಿದು ಪ್ಯಾಕೆಟ್ ಸಾಗಿಸುತ್ತಿರುತ್ತದೆ, ನೆರೆಯ ರೌಟರುಗಳು ತಾಳ್ಮೆಯಿಂದ ಕಾಯುತ್ತವೆ. ಬಿಜಿಪಿಗೆ ಈ ಏರ್ಪಾಡನ್ನು 2007ರ ಮಾನಕವೊಂದು ಕಟ್ಟಿಕೊಟ್ಟಿದೆ. ಹಳೆಯ ಆಜ್ಞೆ ಉಳಿಯುವುದು ಕಿರುಸುತ್ತಿನಲ್ಲಿ ದೋಷವಾದರೆ ಇಲ್ಲಿ ಗುಣ.

ಎರಡು ಕೋಷ್ಟಕಗಳ ಅಳತೆಯೂ ಬೇರೆ ಎಂಬುದನ್ನು ಜಗತ್ತು 2014ರ ಆಗಸ್ಟ್ 12ರಂದು ಕಂಡಿತು. ಅಮೆರಿಕದ ವೆರೈಜನ್ ಜಾಲದಿಂದ ಸುಮಾರು 15,000 ಹೆಚ್ಚುವರಿ ಸಾಲುಗಳು ಸ್ವಲ್ಪ ಹೊತ್ತು ಹೊರಬಿದ್ದು, ಜಾಗತಿಕ ಪಟ್ಟಿ 5,24,288ನ್ನು ದಾಟಿತು. ಸಿಸ್ಕೊದ ಕೆಲವು ಹಳೆಯ ಮಾದರಿಗಳ ಟಿಕ್ಯಾಮ್‌ನಲ್ಲಿ ಐಪಿ ನಾಲ್ಕಕ್ಕೆ ಮೂಲತಃ ಗೊತ್ತುಮಾಡಿದ್ದ ಜಾಗ ಅಷ್ಟೇ. ಮಾರ್ಗ ಕೋಷ್ಟಕ ಸಾಮಾನ್ಯ ಮೆಮೊರಿಯಲ್ಲಿರುವುದರಿಂದ ಅದಕ್ಕೆ ಏನೂ ಆಗಲಿಲ್ಲ. ರವಾನೆ ಕೋಷ್ಟಕ ತುಂಬಿ, ಹೊರಗುಳಿದ ಸಾಲುಗಳ ದಟ್ಟಣೆ ನಿಧಾನದ ಪ್ರೊಸೆಸರಿನ ಮೇಲೆ ಬಿತ್ತು, ಹಲವು ಜಾಲಗಳು ತೆವಳಿದವು. ಇಂಥ ಹೊತ್ತಿನಲ್ಲಿ ಮಾರ್ಗ ಕೋಷ್ಟಕವನ್ನಷ್ಟೇ ನೋಡುವ ಆಪರೇಟರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ದೂರು ಬಂದಾಗ ಎರಡನ್ನೂ ತೆರೆದು ಸಾಲಿಗೆ ಸಾಲು ಹೋಲಿಸಬೇಕೆಂಬ ರೂಢಿ ಇದರಿಂದಲೇ ಬಂದದ್ದು. ಆದರೆ ಹೋಲಿಕೆ ಎಲ್ಲವನ್ನೂ ಹಿಡಿಯುತ್ತದೆಂದು ತಿಳಿಯಬಾರದು. 2008ರ ಫೆಬ್ರುವರಿ 24ರಂದು ಪಾಕಿಸ್ತಾನ ಟೆಲಿಕಾಂ, ಯೂಟ್ಯೂಬಿನ 208.65.152.0/22ರೊಳಗಿನ 208.65.153.0/24 ತನ್ನದೆಂದು ಸಾರಿದಾಗ ಜಗತ್ತಿನ ರೌಟರುಗಳ ಎರಡೂ ಕೋಷ್ಟಕಗಳು ಪರಸ್ಪರ ಸರಿಯಾಗಿಯೇ ಹೊಂದಿದ್ದವು. ಉದ್ದದ ಸಾಲು ಗೆಲ್ಲುವ ನಿಯಮದಂತೆ ಯೂಟ್ಯೂಬ್ ಮರೆಯಾಯಿತು. ಸುಳ್ಳು ಸುದ್ದಿಯನ್ನು ತಡೆಯಬೇಕಾದದ್ದು ಅದು ಮಾರ್ಗ ಕೋಷ್ಟಕಕ್ಕೆ ಬರುವ ಮೊದಲೇ. ಒಮ್ಮೆ ತೀರ್ಪಾದ ಮೇಲೆ ರವಾನೆ ಕೋಷ್ಟಕಕ್ಕೆ ಪ್ರಶ್ನಿಸುವ ಶಕ್ತಿಯಿಲ್ಲ, ಇರಲೂ ಬಾರದು.

2008ರಲ್ಲೇ ಬಂದ ಓಪನ್‌ಫ್ಲೋ ಮತ್ತು ಅದರ ಹಿಂದೆ ಬೆಳೆದ ಸಾಫ್ಟ್‌ವೇರ್ ಜಾಲಗಳು ಈ ಚರ್ಚೆಯನ್ನೇ ಹಳತಾಗಿಸಿವೆ ಎನ್ನುವವರಿದ್ದಾರೆ. ಅಲ್ಲಿ ಪ್ರತಿ ಊರಿನ ಯಂತ್ರ ತಾನೇ ಯೋಚಿಸುವುದಿಲ್ಲ. ಎಲ್ಲೋ ಒಂದು ನಿಯಂತ್ರಕ ಲೆಕ್ಕ ಹಾಕಿ ಎಲ್ಲಕ್ಕೂ ಆಜ್ಞೆ ಕಳಿಸುತ್ತದೆ. ಆದರೆ ಕಳಿಸುವುದು ಏನನ್ನು? ರವಾನೆ ಕೋಷ್ಟಕದ ಸಾಲುಗಳನ್ನೇ. ಒಂದು ಪೆಟ್ಟಿಗೆಯೊಳಗಿದ್ದ ಬೇರ್ಪಾಡು ಈಗ ಊರುಗಳ ನಡುವೆ ಹರಡಿದೆ, ಮಾಯವಾಗಿಲ್ಲ. ಭದ್ರಾವತಿಯ ಯಂತ್ರಕ್ಕೆ ಬೆಂಗಳೂರಿನ ನಿಯಂತ್ರಕದ ಸಂಪರ್ಕ ಕಡಿದುಹೋದರೆ ಏನು ಮಾಡಬೇಕು ಎಂಬ ಹೊಸ ಪ್ರಶ್ನೆಯನ್ನೂ ಅದು ತಂದಿದೆ.

ಕೊನೆಯದಾಗಿ, ಇದೆಲ್ಲ ದೊಡ್ಡ ಜಾಲಗಳ ಚಿಂತೆ, ಹತ್ತು ಸಾಲುಗಳ ತಾಲ್ಲೂಕು ರೌಟರಿಗೆ ಎರಡು ಕೋಷ್ಟಕಗಳೇಕೆ ಎಂಬ ಮಾತು. ಸಾಲುಗಳು ಹತ್ತೇ ಇದ್ದರೆ ವೇಗದ ದೃಷ್ಟಿಯಿಂದ ಒಂದೇ ಸಾಕೆಂಬುದನ್ನು ಒಪ್ಪಬೇಕು. ಆದರೂ ಲಿನಕ್ಸ್ ಮೇಲೆ ನಡೆಯುವ ಚಿಕ್ಕ ರೌಟರಿನಲ್ಲೂ ಬಿಜಿಪಿ, ಒಎಸ್‌ಪಿಎಫ್ ಬೇಕಾದರೆ ಎಫ್‌ಆರ್‌ಆರ್‌ನಂಥ ತಂತ್ರಾಂಶ ಮಾರ್ಗಗಳನ್ನು ತನ್ನ ಬಳಿ ಇಟ್ಟುಕೊಂಡು, ಆರಿಸಿದ್ದನ್ನು ಮಾತ್ರ ಕರ್ನೆಲ್‌ಗೆ ಇಳಿಸುತ್ತದೆ. ಚಿಕ್ಕ ಊರುಗಳಿಗೆ ಈ ಬೇರ್ಪಾಡು ಕೊಡುವ ನಿಜವಾದ ಲಾಭ ಹಣದ್ದು. ಶಿವಮೊಗ್ಗದಂಥ ನಗರದ ಒಂದು ಸಂಸ್ಥೆ ಇಬ್ಬರು ಪೂರೈಕೆದಾರರಿಂದ ಕೊಂಡಿ ಪಡೆದು, ಇಬ್ಬರ ಪೂರ್ತಿ ಪಟ್ಟಿಯನ್ನೂ ಕೇಳಿಸಿಕೊಳ್ಳಬೇಕೆಂದರೆ ಅದಕ್ಕೆ ಬೇಕಾದ ಸಾಮಾನ್ಯ ಮೆಮೊರಿ ಅಗ್ಗ. 10 ಲಕ್ಷ ಸಾಲುಗಳ ಟಿಕ್ಯಾಮ್ ದುಬಾರಿ. ಮಾರ್ಗ ಕೋಷ್ಟಕದಲ್ಲಿ ಎಲ್ಲವನ್ನೂ ಇಟ್ಟು, ದಟ್ಟಣೆ ಹೆಚ್ಚಿರುವ ಜಾಲಗಳ ಸಾಲುಗಳನ್ನಷ್ಟೇ ರವಾನೆ ಕೋಷ್ಟಕಕ್ಕೆ ಇಳಿಸಿ, ಉಳಿದದ್ದನ್ನು ಡಿಫಾಲ್ಟ್ ಮಾರ್ಗಕ್ಕೆ ಬಿಡುವುದು ಸಾಧ್ಯ. 2012ರಲ್ಲಿ ಪ್ರಕಟವಾದ ಸರಳ ವರ್ಚುವಲ್ ಒಟ್ಟುಗೂಡಿಕೆಯ ದಸ್ತಾವೇಜು ಇದೇ ಜಾಡಿನದು. ಷರತ್ತು ಒಂದೇ: ಡಿಫಾಲ್ಟ್ ಮಾರ್ಗ ಹಿಡಿದು ಹೋದ ಪ್ಯಾಕೆಟ್ಟನ್ನು ಪಡೆಯುವ ಮೇಲಿನ ರೌಟರಿನ ರವಾನೆ ಕೋಷ್ಟಕ ಪೂರ್ತಿಯಾಗಿರಬೇಕು, ಮತ್ತು ಅದು ಆ ಪ್ಯಾಕೆಟ್ಟನ್ನು ಶಿವಮೊಗ್ಗಕ್ಕೇ ಹಿಂದಿರುಗಿಸುವಂತಿರಬಾರದು.